ಖಲಂದರನ ತೂಕದ ಲೆಕ್ಕ

ಕೊಟ್ಟೂರಿನ ಮೆಕ್ಯಾನಿಕ್ ಖಲಂದರನಿಗೆ ತನ್ನ ಹಳೆಯ ಜಪಾನಿ ಕಾರಿನ ತೂಕದ್ದೇ ಚಿಂತೆ. ಹಗುರವಾದಷ್ಟೂ ನೇರ ರಸ್ತೆಯ ಡ್ರ್ಯಾಗ್ ರೇಸಿನಲ್ಲಿ ಜಿಗಿಯುತ್ತದೆಂದು ಹಿಂದಿನ ಸೀಟು ಕಿತ್ತಿದ್ದಾನೆ, ಗಾಜು ಬಿಚ್ಚಿದ್ದಾನೆ. ರೇಸಿನ ವಾರ ತಾನೂ ಮಂಡಕ್ಕಿ-ಮಿರ್ಚಿ ಮುಟ್ಟುವುದಿಲ್ಲ. ಬೈಕ್ ಓಡಲ್ಲವೆಂದು ಬಂದ ಗಿರಾಕಿಗೂ, ‘ಮೊದಲು ಹೊಟ್ಟಿ ಇಳಿಸ್ರಿ’ ಎನ್ನುತ್ತಾನೆ. ಮೊದಲೆಲ್ಲ ರೇಸಿಗೆ ಬರುತ್ತಿದ್ದವರು ಇಂಥ ಸ್ವಂತ ಜೇಬಿನ ಹುಚ್ಚರೇ. ಸೋತವರೂ ಗೆದ್ದವರೂ ಒಟ್ಟಿಗೆ ಕೂತು ರೊಟ್ಟಿ ಗಂಟು ಬಿಚ್ಚುತ್ತಿದ್ದರು. ಈಗ ಕಂಪನಿಗಳ ದರ್ಬಾರು, ತಂಡಕ್ಕೊಂದು ಎಸಿ ಡೇರೆ. ಈ ಸಲವೂ ಸೋತರೆ ಖಲಂದರ ಕಾರು ಮಾರಲೇಬೇಕು. ಆದರೂ ಡ್ರೈವರ್ ಪಕ್ಕದ ಭಾರದ ಸೀಟು ಹಾಗೇ ಇದೆ. ‘ಅದನ್ನೂ ಕಿತ್ತು ಒಗಿಯಲೇ, ಗೆಲ್ತಿ’ ಎಂದೆ. ಖಲಂದರ ಸೀಟಿನ ಧೂಳು ಒರೆಸಿದ: ‘ನಮ್ಮ ದೋಸ್ತ ಬೆನಕಪ್ಪ ತನ್ನ ಲಾರಿ ಮಾರಿ ತಂದ ಕಾರಲೇ ಇದು. ಇಲ್ಲೇ ಕುಂದರ್ತಿದ್ದ. ಸತ್ತಾನಂತ ಇಳಿ ಅನ್ನಾಕ ಬರ್ತೈತೇನು?’