ಬೇಡವೆಂದ ಇಪ್ಪತ್ತೆರಡು

ಓದಲೆಂದು ಇಟಲಿಗೆ ಹೊರಟಾಗ ನನಗೆ ನಲವತ್ತೊಂಬತ್ತು ವರ್ಷ. ಮಗಳು ಕೆಲಸಕ್ಕೆ ಸೇರಿ ಡೆಟ್ರಾಯ್ಟ್ ಕಡೆ ವಿಕ್ಸಮ್‌ನಲ್ಲಿ ಮನೆ ಮಾಡಿದ್ದಳು. ಷಿಕಾಗೋ ಪಕ್ಕದ ಬೋಲಿಂಗ್‌ಬ್ರೂಕ್‌ನ ನಮ್ಮ ಮನೆಯಲ್ಲಿ ಉಳಿದದ್ದು ನಾನು, ನನ್ನ ಯಜಮಾನರು, ಮತ್ತೆ ಹಗಲಿಡೀ ಗೋದಾಮುಗಳ ಕಡೆಗೆ ಓಡುವ ಟ್ರಕ್ಕುಗಳ ಸದ್ದು. ಮದುವೆಗೆ ಮೊದಲು ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ ಮಾಡಿದ್ದೆ. ಆಮೇಲೆ ಅಮೆರಿಕ, ಕೆಲಸ ಮಾಡಲು ಬಿಡದ ವೀಸಾ, ಮಗಳ ಸ್ಕೂಲು, ಅಲ್ಲಿಗೆ ನನ್ನ ಓದಿನ ಕಥೆ ಮುಗಿದಿತ್ತು. ಇಟಲಿಯ ಪುಟ್ಟ ಊರೊಂದರ ವಿಶ್ವವಿದ್ಯಾಲಯದಲ್ಲಿ ಹಳೆಯ ತಳಿಯ ಬೀಜಗಳ ಬಗ್ಗೆ ಇಂಗ್ಲಿಷಿನಲ್ಲೇ ಎರಡು ವರ್ಷ ಪಾಠ ಹೇಳುತ್ತಾರೆಂದು ತಿಳಿದಾಗ ಯಾರಿಗೂ ಹೇಳದೆ ಅಪ್ಲೈ ಮಾಡಿದೆ. ನೋಡಿದರೆ ಸೀಟು ಸಿಕ್ಕೇಬಿಟ್ಟಿತು!

ಮೈಸೂರಿನಿಂದ ಅಮ್ಮ ಫೋನಿನಲ್ಲಿ, "ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೆ ಐವತ್ತಕ್ಕೇ ಬಂತಲ್ಲೇ!" ಎಂದಳು. ಮಗಳು, "ಅಮ್ಮ, ಜಸ್ಟ್ ಗೋ" ಎಂದಳು. ಯಜಮಾನರು ಒಂದೆರಡು ದಿನ ಬಿಟ್ಟು ಪಾತ್ರೆ ಒರೆಸುತ್ತಾ, "ಒಂದು ಸೆಮಿಸ್ಟರ್ ನೋಡು. ಪರೀಕ್ಷೆ ಪಾಸಾದ್ರೆ ಮುಂದುವರಿಸು. ಆಗ್ಲಿಲ್ಲ ಅಂದ್ರೆ ಸುಮ್ನೆ ವಾಪಸ್ ಬಂದ್ಬಿಡು, ಯಾರೂ ನಗಲ್ಲ" ಎಂದರು. ನಾನು ಸರಿ ಎಂದೆ. ನಾನು ಯಾವಾಗಲೂ ಸರಿ ಎನ್ನುವವಳೇ.

ಊರು ಎಷ್ಟು ಚಿಕ್ಕದೆಂದರೆ ಕೋಟೆಯ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳುವಷ್ಟರಲ್ಲಿ ಕೈಯಲ್ಲಿದ್ದ ಕಾಫಿ ಆರುತ್ತಿರಲಿಲ್ಲ. ಹಾಲು ತರುವುದಕ್ಕೂ ಕಾರು ತೆಗೆಯುವ ಊರಿಂದ ಬಂದವಳು ನಾನು. ಇಲ್ಲಿ ಎಲ್ಲದಕ್ಕೂ ಕಾಲೇ ಗತಿ. ಕಲ್ಲುಹಾಸಿನ ಏರುಬೀದಿ, ಅದರ ಮೇಲೆ ಲಿಫ್ಟಿಲ್ಲದ ಮೂರನೇ ಮಹಡಿ. ಮಧ್ಯಾಹ್ನ ಅಂಗಡಿಗಳಿಗೆಲ್ಲ ನಿದ್ದೆ, ಭಾನುವಾರ ಕೇಳುವುದೇ ಬೇಡ. ಹಾಲು ಮುಗಿದ ಮೊದಲ ಭಾನುವಾರ ಕರಿಕಾಫಿ ಕುಡಿದು ಎಲ್ಲರನ್ನೂ ಬೈದುಕೊಂಡೆ. ನನ್ನ ಜೊತೆ ಆ ಮನೆಯಲ್ಲಿದ್ದವಳು ನನ್ನದೇ ತರಗತಿಯ ಇಟಾಲಿಯನ್ ಹುಡುಗಿ, ನನ್ನ ಮಗಳಿಗಿಂತ ಚಿಕ್ಕವಳು. ನನ್ನ ಬೈಗುಳ ಅರ್ಥವಾಗದಿದ್ದರೂ ಅವಳಿಗೆ ಅದು ಇಷ್ಟವಾಗುತ್ತಿತ್ತು.

ಒಂದು ಶನಿವಾರ ಸಂತೆಯಲ್ಲಿ ನನ್ನ ಮಾನ ಹೋಯಿತು. ಬೀನ್ಸ್ ಚೆನ್ನಾಗಿತ್ತು. ನಮ್ಮ ಅಭ್ಯಾಸದಂತೆ ಒಂದನ್ನೆತ್ತಿ ಲಟಕ್ಕನೆ ಮುರಿದು ನೋಡಿದೆ. ಎಳೆಯದೋ ಬಲಿತದ್ದೋ ಇನ್ನು ಹೇಗೆ ಗೊತ್ತಾಗಬೇಕು? ಅಂಗಡಿಯಾಕೆ ಬಾಯಿ ಮಾಡಿದ ರೀತಿಗೆ ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಅಲ್ಲಿ ಗಿರಾಕಿ ತರಕಾರಿ ಮುಟ್ಟಬಾರದಂತೆ, ಅವರು ಹಾಕಿಕೊಟ್ಟದ್ದನ್ನು ತರಬೇಕಂತೆ. ಮನೆಗೆ ಬಂದು ಆ ಹುಡುಗಿಯ ಮುಂದೆ ಕೂಗಾಡಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, "ನಮ್ಮಲ್ಲಿ ಬೀನ್ಸ್ ಆರಿಸುವ ಹಾಗಿಲ್ಲ, ಬೇಕಾದರೆ ಮಾರ್ಕ್ಸ್ ಆರಿಸಬಹುದು" ಎಂದಳು.

ಆಮೇಲೆ ಬಿಡಿಸಿ ಹೇಳಿದಳು. ಅಲ್ಲಿ ಪರೀಕ್ಷೆ ಬಾಯಿಮಾತಿನದು. ಮುಗಿದ ತಕ್ಷಣ ಪ್ರೊಫೆಸರ್ ಮೂವತ್ತಕ್ಕೆ ಇಷ್ಟು ಎಂದು ಹೇಳುತ್ತಾರೆ, ಹದಿನೆಂಟು ಬಂದರೆ ಪಾಸು. ಆ ಅಂಕ ಹಿಡಿಸದಿದ್ದರೆ ಬೇಡ ಎನ್ನಬಹುದು. ಆಗ ಅದು ಅಲ್ಲಿಗೇ ಹೋಯಿತು, ಮುಂದಿನ ಸಲ ಹೊಸದಾಗಿ ಕೂರಬೇಕು. ನಾನು ನಂಬಲಿಲ್ಲ. "ಮೇಷ್ಟ್ರು ಕೊಟ್ಟಿದ್ದನ್ನ ಬೇಡ ಅನ್ನೋದಾ? ನಮ್ಮ ಕಡೆ ಕೈಕಾಲು ಹಿಡಿದು ಇನ್ನೆರಡು ಹಾಕಿಸ್ಕೊಳ್ತಾರೆ" ಎಂದು ಅವಳಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದೆ.

ಜನವರಿಯಲ್ಲಿ ಪರೀಕ್ಷೆ ಬಂತು. ನನಗೆ ಗೊತ್ತಿದ್ದದ್ದು ಒಂದೇ ದಾರಿ, ಉರು ಹೊಡೆಯುವುದು. ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಪಾಠಗಳನ್ನೆಲ್ಲ ಗಿಣಿಯ ಹಾಗೆ ಬಾಯಿಗೆ ತಂದುಕೊಂಡೆ. ಪರೀಕ್ಷೆಯ ದಿನ ಪ್ರೊಫೆಸರಮ್ಮನ ಎದುರು ಕೂತೆ. ನಮ್ಮಲ್ಲಿ ಅಮ್ಮಾವ್ರೇ ಎನ್ನುವ ಹಾಗೆ ಆಕೆ ನನ್ನನ್ನು ಸಿನ್ಯೋರಾ ಎನ್ನುತ್ತಿದ್ದರು. ಬೆನ್ನ ಹಿಂದೆ ತರಗತಿಯವರೆಲ್ಲ ಕೂತು ಕೇಳುತ್ತಿದ್ದರು, ಅಲ್ಲಿ ಅದೂ ಒಂದು ಪದ್ಧತಿ. ಹಳೆಯ ಗೋಧಿ ತಳಿಗಳ ಬಗ್ಗೆ ಕೇಳಿದರು. ನಾನು ಶುರುಮಾಡಿದೆ. ಎಷ್ಟು ಸರಾಗವಾಗಿ ಬರುತ್ತಿತ್ತು! ಅಷ್ಟರಲ್ಲಿ ಆಕೆ ಕೈಯೆತ್ತಿ, ಅದು ಯಾಕೆ ಹಾಗೆ ಎಂದು ಕೇಳಿದರು.

ಉರು ಹೊಡೆದದ್ದು ನಡುವೆ ನಿಂತರೆ ಮೊದಲಿಂದಲೇ ಶುರುಮಾಡಬೇಕು, ಮಗ್ಗಿ ಒಪ್ಪಿಸುವುದು ಹಾಗೇ ತಾನೆ? ಮೊದಲಿಂದ ಶುರುಮಾಡಿದೆ. ಆಕೆ ಅದೇ ಜಾಗದಲ್ಲಿ ಮತ್ತೆ ತಡೆದರು. ನಾನು ಮತ್ತೆ ಮೊದಲಿಗೇ ಹೋದೆ. ಹಿಂದೆ ಯಾರೋ ಕಿಸಕ್ಕೆಂದರು. ಶಿವನೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಂಕಟವೆಂದರೆ ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಅದೇ ವಿಷಯಕ್ಕೆ ಆ ಹುಡುಗಿಯ ಜೊತೆ ಜಗಳವನ್ನೇ ಆಡಿದ್ದೆ.

"ಇಪ್ಪತ್ತೆರಡು" ಎಂದರು ಪ್ರೊಫೆಸರಮ್ಮ. "ಡು ಯು ಅಕ್ಸೆಪ್ಟ್, ಸಿನ್ಯೋರಾ?"

ಪಾಸು! ನಾನು ಇಲ್ಲೇ ಉಳಿಯಬಹುದು. ಸರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಡುಗ ಒಪ್ಪಿಗೆಯೇ ಎಂದು ಅಪ್ಪ ಕೇಳಿದಾಗ ಹೇಳಿದ ಮಾತು ಅದೇ. ಬೋಲಿಂಗ್‌ಬ್ರೂಕ್‌ನ ಮನೆಗೆ ಸಹಿ ಹಾಕುವ ದಿನ ಹೇಳಿದ್ದೂ ಅದೇ. ಅಡ್ಜಸ್ಟ್ ಮಾಡಿಕೊಳ್ಳುವುದು ನನಗೆ ನೀರು ಕುಡಿದಷ್ಟು ಸುಲಭ. ಬೀನ್ಸನ್ನು ಒಂದೊಂದೇ ಮುರಿದು ನೋಡುವ ನಾನು ಮಿಕ್ಕದ್ದನ್ನೆಲ್ಲ ಯಾರೋ ಹಾಕಿಕೊಟ್ಟ ಹಾಗೇ ತಂದುಕೊಂಡಿದ್ದೆ. ಯೋಚಿಸಿದಷ್ಟೂ ಸಿಟ್ಟು ಬಂತು.

"ನೋ" ಎಂದೆ. ಎಷ್ಟು ಜೋರಾಗಿ ಬಂತೆಂದರೆ ನನಗೇ ಗಾಬರಿಯಾಯಿತು. ಪ್ರೊಫೆಸರಮ್ಮನಿಗೆ ಏನೂ ಅನ್ನಿಸಲಿಲ್ಲ. ಹಾಗಾದರೆ ಫೆಬ್ರವರಿಯಲ್ಲಿ ಬನ್ನಿ ಎಂದು ಮುಂದಿನವರನ್ನು ಕರೆದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಯಜಮಾನರಿಗೆ ಫೋನ್ ಮಾಡಿದೆ. ನನಗೆ ಸಂಜೆ, ಅವರಿಗೆ ಬೆಳಗಿನ ಕಾಫಿ ಹೊತ್ತು.

"ಪಾಸಾ?"

"ಆಗಿದ್ದೆ. ಬೇಡ ಅಂದೆ." ಪ್ರೊಫೆಸರಮ್ಮ ಕೇಳಿದ ಮಾತನ್ನು ಹಾಗೇ ಹೇಳಿ, ನಡೆದದ್ದನ್ನೆಲ್ಲ ವಿವರಿಸಿದೆ.

"ಹುಚ್ಚಾ ನಿಂಗೆ? ಇನ್ನೊಂದ್ಸಲ ಕೂತಾಗ ಫೇಲಾದ್ರೆ?"

"ಫೇಲಾದ್ರೆ ವಾಪಸ್ ಬರ್ತೀನಿ. ಮಾತು ಅಂದ್ರೆ ಮಾತು."

ಅವರು ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. "ಅಲ್ಲ ಕಣೇ, ನಿಂಗೆ ಬೇಡ ಅನ್ನೋಕೆ ಬರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಹಾಗಾದ್ರೆ ಇಷ್ಟು ವರ್ಷ ನೀನು ಸರಿ ಸರಿ ಅಂದಿದ್ದೆಲ್ಲ...?"

ಚಳಿ ಎಂದು ನೆಪ ಹೇಳಿ ಫೋನ್ ಇಟ್ಟು ಅಲ್ಲೇ ಕೂತು ಅತ್ತೆ. ನನ್ನ ಬಗ್ಗೆಯೂ ಅವರ ಬಗ್ಗೆಯೂ ಪಾಪ ಅನ್ನಿಸಿತು.

ಆಮೇಲೆ ಉರು ಹೊಡೆಯಲಿಲ್ಲ. ಆ ಹುಡುಗಿ ಊಟಕ್ಕೆ ಕೂತಾಗೆಲ್ಲ ಪ್ರತಿ ಮಾತಿಗೂ "ಯಾಕೆ" ಎನ್ನುತ್ತಿದ್ದಳು, ನಾನು ತುತ್ತು ಕೈಯಲ್ಲೇ ಹಿಡಿದು ವಾದಿಸುತ್ತಿದ್ದೆ. ಫೆಬ್ರವರಿಯಲ್ಲಿ ಇಪ್ಪತ್ತೆಂಟು ಬಂತು. ಒಪ್ಪಿಕೊಂಡೆ, ಉಳಿದೆ.

ಬೇಸಿಗೆ ರಜೆಗೆ ಷಿಕಾಗೋಗೆ ಬಂದಾಗ ಯಜಮಾನರು ಏರ್‌ಪೋರ್ಟಿಗೆ ಬಂದಿದ್ದರು. ಸ್ವಲ್ಪ ಸೊರಗಿದ್ದರು. ದಾರಿಯುದ್ದಕ್ಕೂ ಮಗಳ ಮಾತು, ಹವೆಯ ಮಾತು. ಹೈವೇಯಿಂದ ಇಳಿಯುವ ನಮ್ಮ ಎಕ್ಸಿಟ್ ಹತ್ತಿರ ಬಂದಾಗ, "ಸೀದಾ ಮನೆಗೇ ಹೋಗೋಣ್ವಾ? ಸಾರು ಮಾಡಿಟ್ಟಿದೀನಿ" ಎಂದರು.

"ಸರಿ" ಎಂದೆ.

ಅವರು ಇಂಡಿಕೇಟರ್ ಹಾಕಿದರು. ರಸ್ತೆಯಿಂದ ಕಣ್ಣು ತೆಗೆಯದೆ, "ಡು ಯು ಅಕ್ಸೆಪ್ಟ್, ಸಿನ್ಯೋರಾ?" ಎಂದರು.

ನಾನು ಜೋರಾಗಿ ನಕ್ಕೆ. ನೋಡಿದರೆ ಅವರು ನಗುತ್ತಿರಲಿಲ್ಲ. ಜನವರಿಯಲ್ಲಿ ಫೋನಿನಲ್ಲಿ ಕೇಳಿದ್ದ ಪ್ರಶ್ನೆಯ ಉತ್ತರಕ್ಕೆ ಇನ್ನೂ ಕಾಯುತ್ತಿದ್ದರು.

"ಆ ಟ್ರಕ್ ರೋಡಿನ ಪಕ್ಕದ ಮನೆ ನಂಗೆ ಯಾವತ್ತೂ ಇಷ್ಟ ಇರ್ಲಿಲ್ಲ ಕಣ್ರೀ" ಎಂದೆ.

"ಮತ್ತೆ?"

"ನೀವು ಇಷ್ಟ ಆಗಿದ್ರಿ. ಅವತ್ತು ಅಪ್ಪನಿಗೆ ಸುಮ್ನೆ ಸರಿ ಅಂದಿದ್ದಲ್ಲ."

ಅವರು ಎಕ್ಸಿಟ್ ತಗೊಂಡು, ಸಿಗ್ನಲ್ಲಿನಲ್ಲಿ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡರು. "ಸಾರು ರುಚಿ ನೋಡಿ ಹೇಳು. ಅದಕ್ಕೂ ಸರಿ ಅಂದ್ಬಿಡ್ಬೇಡ" ಎಂದರು.

ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಹೇಳಿದೆ.