ಬಿಡಿಸದೆ ಬಂದ ಲೆಕ್ಕ

ಶಿವನಸಮುದ್ರದ ವಿದ್ಯುದಾಗಾರದಲ್ಲಿ ನನ್ನ ಸಂಬಳ ಕಡಿಮೆ. ಯುದ್ಧ ಶುರುವಾಗಿ ಅಕ್ಕಿ, ಬಟ್ಟೆ, ಸೀಮೆಎಣ್ಣೆಯ ಬೆಲೆ ಏರಿದ ಮೇಲೆ ಅದು ಇನ್ನೂ ಕಡಿಮೆ ಅನ್ನಿಸಿತು. ಆದರೆ ಮೈಸೂರಿನಲ್ಲಿ ಕಲಿತ ಗಣಿತಕ್ಕೆ ಕೆಲಸ ಸಿಕ್ಕಿದ್ದು ಅಲ್ಲಿ ಮಾತ್ರ.

ಕಾಲೇಜಿನಲ್ಲಿ ಜೊತೆಗಿದ್ದ ಆತಗೂರಿನ ಗೆಳೆಯ ಅಲ್ಲಿ ನನ್ನ ಪಾಳಿಯವನೇ. ದೂರದಲ್ಲೆಲ್ಲೋ ಕರೆಂಟಿನ ಬಳಕೆ ಥಟ್ಟನೆ ಇಳಿದರೆ ನೀರಿನ ಚಕ್ರದ ವೇಗ ಏರಿ, ಇಳಿದು, ಹಲವು ಸಲ ತೂಗಾಡಿ ಹದಕ್ಕೆ ಬರುತ್ತಿತ್ತು. ಅದು ದೋಷವಲ್ಲ, ಯಾರ ಕೆಲಸವೂ ಅದರಿಂದ ನಿಂತಿರಲಿಲ್ಲ. ಆ ತೂಗಾಟವನ್ನು ಮೊದಲೇ ಲೆಕ್ಕ ಹಾಕಿ ಹೇಳಬೇಕೆಂಬ ಹುಚ್ಚು ನಮ್ಮಿಬ್ಬರದು. ಪಾಳಿ ಮುಗಿದ ಮೇಲೆ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಸಮೀಕರಣ ಬರೆದು ಅಳಿಸುತ್ತಿದ್ದೆವು. ಕೊಳವೆಯಲ್ಲಿ ಇಳಿಯುವ ನೀರಿನ ಭಾರವನ್ನು ಸೇರಿಸಿದೊಡನೆ ಉತ್ತರ ಕೆಡುತ್ತಿತ್ತು.

ಅಷ್ಟರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸಂಬಳ ಎರಡರಷ್ಟು. ನಾನು ಹಿಂದುಮುಂದು ನೋಡುವುದನ್ನು ಕಂಡ ಹೆಂಡತಿ, "ಲೆಕ್ಕ ಎಲ್ಲೋದ್ರೂ ಮಾಡ್ಬೋದು. ಮಗೀಗೆ ಆಲು ಎಲ್ಲಿಂದ ತರಾನ?" ಎಂದಳು. ಮರುದಿನವೇ ಒಪ್ಪಿಗೆಯ ಕಾಗದ ಬರೆದು ಹಾಕಿದೆ.

"ತುಂಬಿದ್ ಗಾಡಿ ತೂಗು, ಖಾಲಿ ಗಾಡಿ ಕಳಿ. ಇನ್ಮ್ಯಾಕೆ ಅಷ್ಟೇ ಕಣ್ಲಾ ನಿನ್ ಗಣಿತ" ಎಂದ ಗೆಳೆಯ. ನಗುತ್ತ ಹೇಳಿದನೆಂದು ನನ್ನ ನೆನಪು. ನಗದೆ ಹೇಳಿದ್ದರೆ, ಆ ನಗುವನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು.

ಮಂಡ್ಯದಲ್ಲಿ ಮಗು ಮೈ ತುಂಬಿಕೊಂಡಿತು. ನಾನು ದುಃಖದಲ್ಲಿದ್ದೆನೆಂದರೆ ಸುಳ್ಳಾದೀತು. ಆದರೆ ಕಬ್ಬಿನ ಗಾಡಿ ತೂಕದ ಹಲಗೆ ಹತ್ತಿದಾಗ ತಕ್ಕಡಿಯ ಕಂಬಿ ಮೇಲೆ ಕೆಳಗೆ ಆಡುವುದನ್ನು ನೋಡುತ್ತ ಮೈಮರೆಯುತ್ತಿದ್ದೆ. ಅದು ನಿಂತು ಎಷ್ಟೋ ಹೊತ್ತಾದ ಮೇಲೆ ಗಾಡಿಯವರು, "ಬರ್ಕಳಿ ಸ್ವಾಮಿ, ಎತ್ತು ಬಳಲ್ತವೆ" ಎಂದು ಎಚ್ಚರಿಸುತ್ತಿದ್ದರು.

ಕೆಲವು ವರ್ಷಗಳ ನಂತರ ಹಲಗೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಗೆಳೆಯ ಸಿಕ್ಕಿದ. ಅಂಗಿಯ ಕಾಲರು ಹರಿದಿತ್ತು. ಯೋಗಕ್ಷೇಮ ಕೇಳುವ ಮೊದಲೇ, "ಸಿಕ್ತು ಕಣ್ಲಾ. ಆ ನೀರಿನ ಭಾರ ಎಲ್ಲಿ ಸೇರ್ಸ್‌ಬೇಕು ಅಂದ್ರೆ..." ಎಂದು ಶುರುಮಾಡಿದ.

"ಏಳ್‌ಬ್ಯಾಡ" ಎಂದೆ.

ಅವನು ನನ್ನನ್ನೇ ನೋಡಿದ. "ಇನ್ನೂ ಮಾಡ್ತಿದ್ದೀಯೇನ್ಲಾ?"

"ಮಾಡ್ತಾ ಇವ್ನಿ."

ಅವನ ಮುಖ ಅರಳಿತು. ಹಾಗಾದರೆ ಹೇಳುವುದಿಲ್ಲವೆಂದು ಭುಜ ತಟ್ಟಿ ಮಳವಳ್ಳಿಯ ಬಸ್ಸು ಹತ್ತಿದ.

ಮನೆಗೆ ಬಂದವನೇ, ಮಂಡ್ಯ ಸೇರಿದ ಮೇಲೆ ಮೊದಲ ಸಲ, ಆ ಸಮೀಕರಣ ಬರೆಯಲು ಕುಳಿತೆ. ಮೊದಲ ಸಾಲು ತಾನಾಗಿ ಬಂತು. ಎರಡನೆಯದು ಬರಲಿಲ್ಲ.