ಬೀದಿಗೆ ಮುಖ ಮಾಡಿದ ಅಡುಗೆಮನೆ

ಕೊಳ್ಳೇಗಾಲದಲ್ಲಿ ರೇಷ್ಮೆಗೂಡು ಮಾರಿ ಬಂದ ಕೆಂಪನಂಜಪ್ಪ, ಬಸ್ಸಿಳಿದವನೇ ಹೊಸ ಮನೆ ಏಳುತ್ತಿದ್ದ ಜಾಗಕ್ಕೆ ಹೋದ. ಗೋಡೆಗಳು ಮೊಣಕಾಲೆತ್ತರಕ್ಕೆ ಬಂದಿದ್ದವು. ಒಂದು ಸುತ್ತು ಹಾಕಿದವನು ಗಕ್ಕನೆ ನಿಂತ. ಜಗುಲಿಗೆ ಎದುರಾಗಿ, ಬೀದಿಗೆ ಅಂಟಿಕೊಂಡಂತೆ, ಪಡಸಾಲೆ ಬರಬೇಕಾದ ಕಡೆ ಒಲೆಯ ಕಟ್ಟೆ ಏಳುತ್ತಿತ್ತು.

"ಏನ್ಲಾ ಪುಟ್ಟಸಿದ್ದಯ್ಯ ಇದು? ಮನೇನ ಹಿಂದ್ಮುಂದಾಗಿ ಕಟ್ತಾ ಇದ್ದೀಯಲ್ಲ!"

ಗಾರೆ ಕೆಲಸದ ಪುಟ್ಟಸಿದ್ದಯ್ಯ ಕರಣೆ ಕೆಳಗಿಟ್ಟ. "ನಂದೇನಿಲ್ಲ ಬುದ್ದಿ. ಇಂಗೇ ಕಟ್ಟು ಅಂತ ಅವ್ವಾರು ಏಳುದ್ರು. ನನ್ ಕೈಲಾಗಲ್ಲ ಅಂದಿ ನಾನು. ಅಂಗಾರೆ ಬ್ಯಾರೆಯವರ್ನ ಕರಸ್ತೀನಿ ಅಂದ್ರು."

ಅವ್ವಾರು ಎಂದರೆ ಕೆಂಪನಂಜಪ್ಪನ ಹೆಂಡತಿ ವೀರಮ್ಮ. ಗಂಡನ ಮುಂದೆ ದನಿ ಎತ್ತಿದವಳಲ್ಲ. 1967ರ ಆ ಬೇಸಿಗೆಯಲ್ಲಿ ಅಣ್ಣತಮ್ಮಂದಿರು ಪಾಲಾಗಿ, ಕೆಂಪನಂಜಪ್ಪ ಬೇರೆ ಮನೆಗೆ ಪಾಯ ಹಾಕಿಸಿದಾಗಲೂ ಅವಳು ಏನೂ ಕೇಳಿರಲಿಲ್ಲ. ಕೇಳುವುದಕ್ಕಾದರೂ ಏನಿತ್ತು? ಯಳಂದೂರಿನ ಸುತ್ತಮುತ್ತ ಮನೆಗಳೆಲ್ಲ ಒಂದೇ ಅಚ್ಚಿನವು. ಮುಂದೆ ಗಂಡಸರು ಕೂರುವ ಜಗುಲಿ, ಆಮೇಲೆ ಪಡಸಾಲೆ, ನಡುಮನೆ, ದೇವರಕೋಣೆ, ಎಲ್ಲಕ್ಕೂ ಕೊನೆಗೆ ಹಗಲಲ್ಲೂ ದೀಪ ಬೇಕಾದ ಅಡುಗೆಮನೆ. ಬೇಯುವ ಅನ್ನದ ಮೇಲೆ ಹೊರಗಿನವರ ಕಣ್ಣು ಬೀಳಬಾರದು ಎಂದು ಹಿರಿಯರು ಹಾಗೆ ಕಟ್ಟಿದ್ದರು.

ಹೆಂಡತಿಯನ್ನು ಏನೂ ಕೇಳದೆ ಕೆಂಪನಂಜಪ್ಪ ಅಣ್ಣ ಗುರುಪಾದಸ್ವಾಮಿಯನ್ನು ಕರೆತಂದ. ಊರಲ್ಲಿ ಹಿರಿಯ ಮನುಷ್ಯ, ಮಾತು ನಡೆಯುತ್ತಿತ್ತು. ಅಷ್ಟರಲ್ಲಿ ವೀರಮ್ಮನೂ ಬಂದಳು, ನಾಲ್ಕು ಜನ ಸೇರಿದರು. ಅಣ್ಣ ಗೋಡೆ ನೋಡಿದವನೇ ಕೆಂಡವಾದ.

"ಬೀದಿಯೋರ್ಗೆಲ್ಲ ಗಡಿಗೆ ಇಣುಕಿ ನೋಡಾಕೆ ಕೊಟ್ಟೀಯಾ ವೀರಮ್ಮ? ಇದೇನು ಮನೆಯಾ, ಓಟ್ಲಾ? ಕಟ್ಟೆ ಸೊಂಟದೆತ್ರ ಬರ್ಬೇಕಂತೆ! ನಿಂತ್ಕಂಡು ಅಡುಗೆ ಮಾಡಾಳಂತೆ! ಪುಟ್ಟಸಿದ್ದಯ್ಯ, ಕೆಡವ್ಲಾ ಇದ."

ಪುಟ್ಟಸಿದ್ದಯ್ಯ ಹಾರೆ ಹಿಡಿದ. ವೀರಮ್ಮ ಹೋಗಿ ಆ ಅರೆಗೋಡೆಯ ಮೇಲೆ ಕುಳಿತುಬಿಟ್ಟಳು. ನೋಡುತ್ತಿದ್ದ ಜನ ದಂಗಾದರು. ಭಾವನ ಮುಂದೆ ಸೆರಗು ಸರಿಮಾಡದೆ ನಿಲ್ಲದ ಹೆಂಗಸು ಅವಳು.

"ಬಾವ, ಅಕ್ಕ ಕೂಗಿದ್ಲು," ಎಂದಳು.

ಅಕ್ಕ ಎಂದರೆ ಗುರುಪಾದಸ್ವಾಮಿಯ ಹೆಂಡತಿ ಮಹಾದೇವಮ್ಮ. ಆರು ವರ್ಷದ ಹಿಂದೆ ಹಳೆಯ ಮನೆಯ ಅಡುಗೆಮನೆಯಲ್ಲಿ ಒಲೆ ಊದಲು ಬಗ್ಗಿದಾಗ ಅವಳ ಸೆರಗಿಗೆ ಬೆಂಕಿ ಹತ್ತಿತ್ತು. ಆ ಹೊತ್ತಿನಲ್ಲಿ ಅಣ್ಣತಮ್ಮಂದಿರಿಬ್ಬರೂ ಜಗುಲಿಯಲ್ಲಿ ನೆಂಟರೊಡನೆ ಮಾತಿಗೆ ಕೂತಿದ್ದರು. ವೀರಮ್ಮ ಬಾವಿಯಿಂದ ನೀರು ತಂದು ಒಳಗೆ ಕಾಲಿಟ್ಟಾಗಲೇ ಗೊತ್ತಾಗಿದ್ದು. ಗಾಡಿಯಲ್ಲಿ ಯಳಂದೂರಿಗೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು. ಡಾಕ್ಟರನ್ನು ಕರೆಯಲು ಗುರುಪಾದಸ್ವಾಮಿ ಸೈಕಲ್ಲಿನಲ್ಲಿ ಮುಂದೆ ಹೋಗಿದ್ದ. ಬೆಂಕಿ ಹತ್ತಿದ ಕೂಡಲೇ ಎಚ್ಚರ ತಪ್ಪಿರಬೇಕು, ನೋವು ಗೊತ್ತಾಗಿರಲಿಕ್ಕಿಲ್ಲ ಎಂದು ಎಲ್ಲರೂ ಅವನನ್ನು ಸಮಾಧಾನ ಮಾಡಿದ್ದರು. ಅವನೂ ಹಾಗೆಯೇ ನಂಬಿದ್ದ.

"ಗಾಡೀಲಿ ನನ್ ತೊಡೆ ಮ್ಯಾಲೆ ಮಲಗಿದ್ಲು. 'ನಾ ಕೂಗ್ದಿ ಕಣವ್ವ, ಸ್ಯಾನೆ ಕೂಗ್ದಿ, ಯಾರ್ಗೂ ಕೇಳ್ನಿಲ್ಲ' ಅಂದ್ಲು. ನೀವೆಲ್ಲ ಜಗುಲೀಲೇ ಇದ್ರಿ ಬಾವ, ನಡುವೆ ಅಷ್ಟು ಗೋಡೆ. ನಾನು ಕೂಗುದ್ರೆ ಕೇಳ್ಬೇಕು. ನನ್ ಮಗಳು ಕೂಗುದ್ರೂ ಕೇಳ್ಬೇಕು. ಕೆಡವಂಗಿದ್ರೆ ನಾ ಇಲ್ಲೇ ಕುಂತಿದ್ದೀನಿ, ಕೆಡವಿ."

ಪುಟ್ಟಸಿದ್ದಯ್ಯ ಹಾರೆ ಕೆಳಗಿಟ್ಟ. ಗುರುಪಾದಸ್ವಾಮಿ ಮರಳಿನ ಗುಡ್ಡೆಯ ಮೇಲೆ ಕೂತುಬಿಟ್ಟ. ಕೆಂಪನಂಜಪ್ಪ ಹೆಂಡತಿಯ ಮುಖ ನೋಡಲಾರದೆ ಇಟ್ಟಿಗೆ ರಾಶಿಯ ಕಡೆ ತಿರುಗಿಕೊಂಡ. ಆಮೇಲೆ ಅಣ್ಣ ಎದ್ದು, ಪಂಚೆಗಂಟಿದ ಮರಳನ್ನೂ ಕೊಡವದೆ ತನ್ನ ಹಳೆಯ ಮನೆಗೆ ಹೊರಟುಹೋದ.

ಮನೆ ವೀರಮ್ಮ ಹೇಳಿದಂತೆಯೇ ಮುಗಿಯಿತು. ಬೀದಿ ಕಡೆಗೊಂದು, ಜಗುಲಿ ಕಡೆಗೊಂದು ಅಗಲವಾದ ಕಿಟಕಿ. ಜಗುಲಿಯಲ್ಲಿ ಕೂತವರಿಗೆ ಒಲೆಯ ಉರಿ ನೇರ ಕಾಣುತ್ತಿತ್ತು. ಗೃಹಪ್ರವೇಶಕ್ಕೆ ಊರಿನವರು ಅರ್ಧಕ್ಕರ್ಧ ಬರಲಿಲ್ಲ. ಬೆಟ್ಟದ ದೇವರಿಗೆ ಹೊರಟಿದ್ದ ಇಬ್ಬರು ಯಾತ್ರಿಕರು ಹೋಟೆಲೆಂದುಕೊಂಡು ನುಗ್ಗಿ ಟೀ ಕೇಳಿದರು. ವೀರಮ್ಮ ಕೊಟ್ಟು ಕಳಿಸಿದಳು. ಊರಿಗೆ ವರ್ಷವಿಡೀ ನಗಲು ಅದೊಂದು ಸಾಕಾಯಿತು.

ಮರುವರ್ಷದ ಮಳೆಗಾಲಕ್ಕೆ ಮೊದಲು, ಹಳೆಯ ಮನೆಯಲ್ಲಿ ಏನೋ ಧಡಧಡ ಸದ್ದಾಗುತ್ತಿದೆ ಎಂದು ಯಾರೋ ಬಂದು ಹೇಳಿದರು. ವೀರಮ್ಮ ಓಡಿದಳು. ಗುರುಪಾದಸ್ವಾಮಿ ಹಾರೆ ಹಿಡಿದು ಅಡುಗೆಮನೆಯ ಗೋಡೆ ಒಡೆಯುತ್ತಿದ್ದ. ಅವನ ಸೊಸೆ ಪಾತ್ರೆಗಳನ್ನೆಲ್ಲ ಹೊರಗೆ ಸಾಗಿಸಿ ಗಾಬರಿಯಿಂದ ನಿಂತಿದ್ದಳು. ಅವನ ತಲೆ, ಮೀಸೆ, ಹಣೆಯ ವಿಭೂತಿ, ಎಲ್ಲ ಮಣ್ಣಾಗಿತ್ತು. ಬೆಳಕು ಮೊದಲ ಸಲ ಆ ಒಲೆಯ ಮೇಲೆ ಬಿದ್ದಿತ್ತು.

"ಇಷ್ಟು ದಪ್ಪ ಅಂತ ಗೊತ್ತಿರ್ನಿಲ್ಲ ಕಣವ್ವ ಈ ಗೋಡೆ," ಎಂದು ಅವನು ಮತ್ತೆ ಹಾರೆ ಎತ್ತಿದ. ವೀರಮ್ಮ ಸೆರಗು ಸಿಕ್ಕಿಸಿಕೊಂಡು ಮಣ್ಣು ಹೊರತೊಡಗಿದಳು.